ಇಂಡಿಯನ್ ಅಂಗಡಿಯಲ್ಲಿ ನಮ್ಮೂರು ಯಾಕಿಲ್ಲ? ಪರದೇಶದಲ್ಲಿ ಸಿಗದ ಊಟ, ಸಿಕ್ಕ ಬದಲಿ

ಸೊಗಡವರೆ · ಮ್ಯೂನಿಕ್

ಮಂಡ್ಯ ಕಡೆಯವನು. ಜನವರಿ ಬಂದ್ರೆ ಮನೆಯವರ ವಾಟ್ಸಾಪ್ ಗ್ರೂಪ್ ತೆಗೆಯೋಕೇ ಬೇಜಾರು. ಒಬ್ಬರು ಅವರೆಕಾಯಿ ರಾಶಿ ಹಾಕ್ತಾರೆ, ಇನ್ನೊಬ್ಬರು ಹಿತಕಿದ ಬೇಳೆ ಸಾರು, ಮತ್ತೊಬ್ಬರು ಬೆಂಗಳೂರಿನ ಅವರೆಬೇಳೆ ಮೇಳದಲ್ಲಿ ನಿಂತು ಸೆಲ್ಫಿ.

ಇಲ್ಲಿ ಇಂಡಿಯನ್ ಅಂಗಡಿಗಳಿಗೆ ಕೊರತೆ ಇಲ್ಲ. ಪನೀರ್ ಇದೆ, ಢೋಕ್ಲಾ ಮಿಕ್ಸ್ ಇದೆ, ನಾನ್ ಅಂತೂ ಹತ್ತು ಥರ. ಆದರೆ ಅವರ ಲೆಕ್ಕದಲ್ಲಿ ಇಂಡಿಯಾ ಅಂದ್ರೆ ಪಂಜಾಬ್, ಗುಜರಾತ್, ಒಂದಿಷ್ಟು ಕೇರಳ, ಈಗೀಗ ಆಂಧ್ರ. ನಮ್ಮ ಸರದಿ ಬರೋ ಹೊತ್ತಿಗೆ ಕಪಾಟು ಮುಗಿದಿರುತ್ತೆ. ರಾಗಿಹಿಟ್ಟು ಸಿಗುತ್ತೆ, ಅದೂ ಸಕ್ಕರೆ ಕಾಯಿಲೆಗೆ ಒಳ್ಳೇದು ಅಂತ ಯಾರೋ ಹೇಳಿದ್ದಕ್ಕೆ.

ನಿಮ್ಮನ್ನ ಕೇಳೋದು ಎರಡೇ. ಯಾವುದಕ್ಕೆ ಬದಲಿ ಸಿಕ್ತು, ಯಾರ ಅಂಗಡೀಲಿ ಸಿಕ್ತು? ಯಾವುದಕ್ಕೆ ಬದಲಿನೇ ಇಲ್ಲ ಅಂತ ಕೈಚೆಲ್ಲಿದ್ರಿ? "ಅಮ್ಮನ ಕೈರುಚಿ" ಅಂತ ಮಾತ್ರ ಬರೀಬೇಡಿ ದಯವಿಟ್ಟು. ಅದು ಯಾವ ಕಪಾಟಿನಲ್ಲೂ ಸಿಗಲ್ಲ ಅಂತ ನನಗೂ ಗೊತ್ತು.


ರುಬ್ಬುಗಲ್ಲು · ಎಡಿಸನ್, ನ್ಯೂಜೆರ್ಸಿ

ಅವರೆಗೆ ಉತ್ತರ ಗುಜರಾತಿಗಳ ಫ್ರೀಜರ್‌ನಲ್ಲೇ ಇದೆ. "ಸುರ್ತಿ ಪಾಪ್ಡಿ ಲಿಲ್ವಾ" ಅಂತ ಬರೆದಿರೋ ಪ್ಯಾಕೆಟ್ ಹುಡುಕಿ. ಅವರು ಉಂಧಿಯೂ ಅನ್ನೋ ಪಲ್ಯಕ್ಕೆ ಹಾಕೋ ಕಾಳು, ನಮ್ಮ ಅವರೆಯದೇ ಜಾತಿ. ಪಕ್ಕದಲ್ಲೇ "ತುವೇರ್ ಲಿಲ್ವಾ" ಅಂತ ಇನ್ನೊಂದು ಇರುತ್ತೆ, ನೋಡೋಕೆ ಒಂದೇ ಥರ ಹಸಿರು. ಅದು ಹಸಿ ತೊಗರಿಕಾಳು. ಅದರಲ್ಲೂ ಸಾರು ಆಗುತ್ತೆ, ಅವರೆ ಸಾರು ಆಗಲ್ಲ.

ಹೆಪ್ಪು ಬಿಟ್ಟ ಮೇಲೆ ಒಂದು ಹೊತ್ತು ನೀರಲ್ಲಿ ಬಿಟ್ಟು ಹಿತಕಿದ್ರೆ ಬೇಳೆ ಸಲೀಸಾಗಿ ಜಾರಿ ಬರುತ್ತೆ. ರುಚಿ ಮುಕ್ಕಾಲು ಪಾಲು ಅದೇ. ಸೊಗಡು ಮಾತ್ರ ಇರಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಕಾಯಿ ಬಿಡಿಸಿದಾಗ ಬೆರಳಿಗೆ ಎಣ್ಣೆ ಥರ ಅಂಟುತ್ತಲ್ಲ, ವಾಸನೆ ಇರೋದು ಅದರಲ್ಲಿ. ಸುಲಿದು, ತೊಳೆದು, ಹೆಪ್ಪುಗಟ್ಟಿಸಿದ ಕಾಳಲ್ಲಿ ಅದೆಲ್ಲಿ ಉಳಿಯುತ್ತೆ?


ಜವಾರಿ ಜ್ವಾಳ · ಡಲ್ಲಾಸ್

ನಮ್ದು ಬಿಜಾಪುರ ಕಡೆ. ನಿಮಗ ಕಾಳು ಸಿಗವಲ್ದು, ನಮಗ ಕಾಳು ಸಿಕ್ಕೂ ರೊಟ್ಟಿ ಆಗವಲ್ದು. ಅಮೆರಿಕಾದಾಗ ಜ್ವಾಳಕ್ಕೇನು ಬರ ಇಲ್ಲ ಮತ್ತ. ಎಲ್ಲಾರಕಿಂತ ಹೆಚ್ಚು ಬೆಳಿಯೂದು ಕನ್ಸಾಸ್, ಅದರ ಹಿಂದ ನಮ್ಮ ಟೆಕ್ಸಾಸ್. ಬೆಳದದ್ದು ದನದ ಮೇವಿಗೆ ಹೋಗತೈತಿ, ಇಥನಾಲ್ ಮಾಡಾಕ ಹೋಗತೈತಿ, ಹಡಗು ಹತ್ತಿ ಚೀನಾಕ್ಕೂ ಹೋಗತೈತಿ. ಮನಷ್ಯಾರಿಗೆ ಅಂತ ಉಳದದ್ದು ಗ್ಲುಟನ್ ಇಲ್ಲದ ಹಿಟ್ಟಿನ ಸಾಲಿನಾಗ ಸಣ್ಣ ಚೀಲ ಆಗಿ ಕುಂತಿರತೈತಿ, ಬಂಗಾರದ ರೇಟಿನಾಗ.

ಅದನ್ನ ತಂದು ಬಡದ್ರ ಅಂಚು ಸೀಳತಾವು, ಹಂಚಿಗೆ ಎತ್ತಿ ಹಾಕೂದ್ರೊಳಗ ಎರಡು ತುಂಡು. ತಪ್ಪು ಕೈದಲ್ಲ, ಹಿಟ್ಟಿನ ವಯಸ್ಸಿಂದು. ಜ್ವಾಳದಾಗ ಗೋಧಿಯಂಗ ಗ್ಲುಟನ್ ಇಲ್ಲ. ಕುದಿಯೂ ನೀರು ಬಿದ್ದಾಗ ಪಿಷ್ಟ ಬೆಂದು ಜಿಗಿ ಬರಬೇಕು, ರೊಟ್ಟಿ ಹಿಡದಿಡೂದು ಆ ಜಿಗಿನs. ಬೀಸಿ ತಿಂಗಳಾನುಗಟ್ಟಲೆ ಆಗಿ, ಗೋದಾಮು ಕಂಡು ಬಂದ ಹಿಟ್ಟಿನಾಗ ಜಿಗಿ ಎಲ್ಲಿಂದ ಬರಬೇಕು? ಕಡೀಕ ಹಿಟ್ಟು ಬಿಟ್ಟು ಕಾಳs ತಂದು ಮನಿಯೊಳಗ ಸಣ್ಣ ಗಿರಣಿ ಇಟಕೊಂಡ್ವಿ. ಬೇಕಾದಷ್ಟs ಬೀಸೂದು, ಅವತ್ತs ಬಡಿಯೂದು. ಮಾಲ್ದಂಡಿ ಜ್ವಾಳದ ರುಚಿ ಅಲ್ಲ, ಅದು ಬ್ಯಾರೇನ. ಆದ್ರ ರೊಟ್ಟಿ ಉಬ್ಬತಾವು.

ಇನ್ನ ಬಡಿಯೂ ಸಪ್ಪಳದ್ದು ಬ್ಯಾರೆ ಕಥಿ. ಇಲ್ಲಿ ಅಪಾರ್ಟ್‌ಮೆಂಟ್ ಅಂದ್ರ ಕಟ್ಟಿಗಿ ನೆಲ. ಒಂದಿನ ಕೆಳಗಿನ ಮನಿಯಾಂವ ಮ್ಯಾಲೆ ಬಂದ, ರಿಪೇರಿ ಏನರೆ ನಡದೈತೇನು ಅಂತ ಕೇಳಿದ. ಒಳಗ ಕರದು ಪರಾತ ತೋರಿಸಿ, ಬಿಸಿ ರೊಟ್ಟಿ ಮ್ಯಾಲೆ ಬೆಣ್ಣಿ, ಶೇಂಗಾ ಚಟ್ನಿ ಪುಡಿ ಹಾಕಿ ಕೊಟ್ವಿ. ನಿಂತs ತಿಂದ, ಇನ್ನೊಂದು ಇಸಗೊಂಡು ತಿಂದ, ಭಾಳ ಛಲೋ ಐತಿ ಅಂದ. ಹೋಗೂ ಮುಂದ ಬಾಗಲದಾಗ ನಿಂತು "ಒಂಬತ್ತರ ಮ್ಯಾಲೆ ಮಾತ್ರ ಬಡೀಬ್ಯಾಡ್ರಿ" ಅಂದು ಹೋದ.


ಬಜ್ಪೆ ಬಸ್ಸು · ದುಬೈ

ನಮಗೆ ಗಲ್ಫಿನವರಿಗೆ ನಿಮ್ಮಷ್ಟು ಕಷ್ಟ ಇಲ್ಲ ಮಾರಾಯ್ರೆ. ಮಂಗಳೂರಿಂದ ದಿನಾ ವಿಮಾನ ಉಂಟು. ಕರಾಮಕ್ಕೆ ಹೋದ್ರೆ ಉಡುಪಿ ಹೋಟೆಲು, ಕೇರಳದವರ ಅಂಗಡಿಯಲ್ಲಿ ಬಾಳೆಲೆ, ತೊಂಡೆಕಾಯಿ, ಕುಚ್ಚಲಕ್ಕಿ ಎಲ್ಲ ಸಿಗ್ತದೆ. ಕೋರಿ ರೊಟ್ಟಿ ಅಂತೂ ಪರದೇಶಕ್ಕೇಂತಲೇ ಮಾಡಿದ ಹಾಗೆ, ಒಣಗಿದ್ದು, ತಿಂಗಳಾದ್ರೂ ಹಾಳಾಗುವುದಿಲ್ಲ.

ಸಿಗದೇ ಇರುವುದು ಒಂದೇ, ಗಸಗಸೆ. ಸಿಗುವುದಿಲ್ಲ ಅಲ್ಲ, ತರ್ಲಿಕ್ಕೇ ಇಲ್ಲ. ಯುಎಇಯಲ್ಲಿ ಅದು ನಿಷೇಧಿತ ಪದಾರ್ಥ, ಅಫೀಮಿನ ಗಿಡದ ಬೀಜ ಅಲ್ವಾ. ಸಿಂಗಾಪುರದಲ್ಲಿಯೂ ಹಾಗೇ. ಊರಿಂದ ಹೊಸಬರು ಬರುವಾಗ ನಾನು ಮೊದಲು ಹೇಳುವುದು ಅದನ್ನೇ. ಚೀಲದಲ್ಲಿ ಗಸಗಸೆ ಬೇಡ. ಅತ್ತೆ ಕಟ್ಟಿಕೊಟ್ಟ ಮಸಾಲೆ ಪೊಟ್ಟಣದಲ್ಲಿ ಉಂಟಾ ಅಂತಲೂ ಬಿಚ್ಚಿ ನೋಡಿ. ತಮಾಷೆ ಅಲ್ಲ, ಜೈಲಿನ ವಿಷಯ.

ಹಾಗಾಗಿ ಇಲ್ಲಿ ಗಸಗಸೆ ಪಾಯಸ ಎಂತ ಮಾಡಿದ್ರೂ ಇಲ್ಲ. ರಜೆಯಲ್ಲಿ ಊರಿಗೆ ಹೋದಾಗ ಒಂದು ಲೋಟ ಕುಡಿದು, ಮಧ್ಯಾಹ್ನ ಇಡೀ ನಿದ್ರೆ ಮಾಡುವುದು, ಅಷ್ಟೇ.


ಸೊಗಡವರೆ · ಮ್ಯೂನಿಕ್

@ಬಜ್ಪೆ ಬಸ್ಸು, ನೀವು ಇದನ್ನ ಓದಬಾರದು. ಇಲ್ಲಿ ಯಾವ ಬೇಕರಿಗೆ ಹೋದ್ರೂ ಗಸಗಸೆ. ಬನ್ ಮೇಲೆ ಗಸಗಸೆ, ಕೇಕ್ ಒಳಗೆ ಎರಡು ಬೆರಳು ದಪ್ಪ ಗಸಗಸೆ. ಸೂಪರ್‌ಮಾರ್ಕೆಟ್‌ನಲ್ಲಿ ಕಿಲೋಗಟ್ಟಲೆ ತಗೊಂಡ್ರೂ ಯಾರೂ ಮುಖ ನೋಡಲ್ಲ. ಒಂದೇ ತೊಂದರೆ, ಇಲ್ಲಿನದು ನೀಲಿ-ಬೂದು ಬಣ್ಣದ್ದು. ಪಾಯಸ ಮಾಡಿದ್ರೆ ಸಿಮೆಂಟ್ ಕಲಸಿದ ಹಾಗೆ ಕಾಣುತ್ತೆ. ಕಣ್ಣು ಮುಚ್ಚಿಕೊಂಡು ಕುಡಿದ್ರೆ ರುಚಿ ಪರವಾಗಿಲ್ಲ. ಬಿಳಿ ಗಸಗಸೆ ಬೇಕಂದ್ರೆ ಇಂಡಿಯನ್ ಅಂಗಡಿ.

@ರುಬ್ಬುಗಲ್ಲು, ಲಿಲ್ವಾ ಸಿಕ್ತು! ಇಷ್ಟು ವರ್ಷ ಅದೇ ಫ್ರೀಜರ್ ಮುಂದೆ ನಿಂತು ಪರೋಟ ತಗೊಂಡು ಬರ್ತಿದ್ದೆ.


ಒಗ್ಗರಣೆ · ಓಸ್ಲೊ

ನಾನು ತುಮಕೂರಿನವಳು. ಸ್ಕ್ಯಾಂಡಿನೇವಿಯಾದಲ್ಲಿ ಏನೂ ಸಿಗಲ್ಲ ಅಂತ ಹೆದರಿಸಿ ಕಳಿಸಿದ್ರು. ಇಲ್ಲಿ ಬಂದು ನೋಡಿದ್ರೆ ಸಬ್ಬಸಿಗೆ ಸೊಪ್ಪು ಪ್ರತಿ ಸೂಪರ್‌ಮಾರ್ಕೆಟ್‌ನಲ್ಲೂ ಇದೆ, ಕುಂಡದಲ್ಲಿ ಬೆಳೆದಿದ್ದು, ಬೇರಿನ ಸಮೇತ! ಇವರು ಅದನ್ನ ಮೀನಿಗೆ, ಬೇಯಿಸಿದ ಆಲೂಗಡ್ಡೆಗೆ ಚಿಟಿಕೆ ಉದುರಿಸ್ತಾರೆ. ನಾನು ನಾಲ್ಕು ಕುಂಡ ಒಟ್ಟಿಗೆ ತಗೊಂಡು ಹೋದ್ರೆ ಕೌಂಟರ್ ಹುಡುಗಿ ಕಣ್ಣರಳಿಸ್ತಾಳೆ. ಅಕ್ಕಿರೊಟ್ಟಿಗೆ, ಉಪ್ಪಿಟ್ಟಿಗೆ, ಬಸ್ಸಾರಿಗೆ ಎಲ್ಲದಕ್ಕೂ ಅದೇ.

ಮಜ್ಜಿಗೆಗೂ ಚಿಂತೆ ಇಲ್ಲ. "ಕುಲ್ತುರ್‌ಮೆಲ್ಕ್" ಅಂತ ಹಾಲಿನ ಡಬ್ಬಿಯ ಪಕ್ಕದಲ್ಲೇ ಇರುತ್ತೆ, ಹದವಾಗಿ ಹುಳಿ. ಶುಂಠಿ, ಹಸಿಮೆಣಸು, ಇಂಗು ಹಾಕಿ ಒಗ್ಗರಣೆ ಕೊಟ್ರೆ ರಾಮನವಮಿಗೆ ಧಾರಾಳವಾಯ್ತು. ಬೆಣ್ಣೆದೋಸೆಗೆ ಡೆನ್ಮಾರ್ಕಿನ ಉಪ್ಪಿಲ್ಲದ ಬೆಣ್ಣೆ ನೋಡಿ. ನಾವು ಮೊಸರು ಕಡೆದು ಬೆಣ್ಣೆ ತೆಗೀತೀವಲ್ಲ, ಅವರೂ ಕೆನೆಯನ್ನ ಹೆಪ್ಪು ಹಾಕಿ ಹುಳಿ ಮಾಡಿಯೇ ತೆಗೆಯೋದು. ಅದಕ್ಕೇ ವಾಸನೆ ಹತ್ತಿರ ಬರುತ್ತೆ.

ಇಡ್ಲಿ ಹಿಟ್ಟು ಉಬ್ಬಲ್ಲ ಅನ್ನೋರಿಗೆ: ಓವನ್ ಹಚ್ಚಬೇಡಿ, ಒಳಗಿನ ದೀಪ ಮಾತ್ರ ಹಾಕಿ ರಾತ್ರಿ ಬಿಡಿ. ಸಾಕು.

ಇನ್ನೊಂದು. ಎಂಟಿಆರ್ ಪ್ಯಾಕೆಟ್ ತಂದು "ನಮ್ಮೂರಿಂದ ಬಂತು" ಅಂತ ಬೀಗ್ತೀವಲ್ಲ, 2007ರಿಂದ ಎಂಟಿಆರ್ ಫುಡ್ಸ್ ನಾರ್ವೆಯ ಓರ್ಕ್ಲಾ ಕಂಪನಿಯದು. ಅಂದ್ರೆ ಮುಖ್ಯ ಮಾಲೀಕರು ಈಗ ಓಸ್ಲೊದವರು. ಆದರೂ ಪುಳಿಯೋಗರೆ ಪುಡಿ ಬೇಕಂದ್ರೆ ನಾನು ಪಾಕಿಸ್ತಾನಿ ಅಂಗಡಿಗೇ ಹೋಗಬೇಕು, ನೋಡಿ.


ಬ್ರೆಡ್ಡು ಜಾಮು · ಟೊರಾಂಟೊ

ಎಲ್ಲರೂ ಬೈದ್ರೂ ಪರವಾಗಿಲ್ಲ, ಹೇಳ್ತೀನಿ. ಹೋದ ದೇಶದ್ದು ತಿನ್ನೋಕೆ ಕಲೀಬೇಕು. ಮುದ್ದೆಗೋಸ್ಕರ ಎರಡು ಗಂಟೆ ಕಾರು ಓಡಿಸೋರನ್ನ ನೋಡಿದೀನಿ. ಅಷ್ಟು ಆಸೆ ಇದ್ರೆ ಊರಲ್ಲೇ ಇರಬಹುದಿತ್ತು. ಇಲ್ಲಿನ ಸೂಪು, ಸ್ಯಾಂಡ್‌ವಿಚ್ ತಿಂದ್ಕೊಂಡು ಆರಾಮಾಗಿದೀನಿ.


ಅಪ್ಪೆಮಿಡಿ · ಬ್ರಿಸ್ಬೇನ್

@ಬ್ರೆಡ್ಡು ಜಾಮು, ಬೈಯಲ್ಲ. ಆದರೆ ಇಲ್ಲಿಯವರೆಗೆ ಬರೆದದ್ದನ್ನ ಒಮ್ಮೆ ಓದಿ ನೋಡಿ. ಗುಜರಾತಿ ಫ್ರೀಜರ್, ಜರ್ಮನ್ ಬೇಕರಿ, ನಾರ್ವೆಯ ಮಜ್ಜಿಗೆ. ಹೋದ ದೇಶದ್ದನ್ನೇ ತಿನ್ನುತ್ತಿದ್ದೇವೆ, ಒಗ್ಗರಣೆ ಮಾತ್ರ ನಮ್ಮದು.

ನಾನು ಶಿರಸಿಯವ. ಇಲ್ಲಿನ ಹವೆ ಘಟ್ಟದ ಕೆಳಗಿನ ಹಾಗೇ ಇರುವುದರಿಂದ ಅರ್ಧ ಕಷ್ಟ ಕಡಿಮೆ. ಇಂಡಿಯನ್ ಅಂಗಡಿಗೆ ನಾನು ಹೋಗುವುದು ಬೇಳೆಗೆ, ಇಂಗಿಗೆ. ತರಕಾರಿಗೆ ವಿಯೆಟ್ನಾಮಿನವರ ಅಂಗಡಿ. ಬಸಳೆ ಅಲ್ಲಿ ಕಟ್ಟುಗಟ್ಟಲೆ ಇರುತ್ತದೆ, ಬಾಳೆಹೂವು ಇರುತ್ತದೆ, ಹೀರೇಕಾಯಿ ಇರುತ್ತದೆ. ಬೂದುಗುಂಬಳ ಬೇಕಾದರೆ ಚೀನಿಯರ ಅಂಗಡಿ, ಇಡೀ ಕಾಯಿ ಬೇಡ ಅಂದರೆ ಹೋಳು ಮಾಡಿ ಕೊಡುತ್ತಾರೆ. ಕಾಶಿ ಹಲ್ವಕ್ಕೆ ಅದಕ್ಕಿಂತ ಒಳ್ಳೆಯದು ಸಿರ್ಸಿಯಲ್ಲೂ ಸಿಗಲಿಕ್ಕಿಲ್ಲ. ದಂಟಿನ ಸೊಪ್ಪೂ ಅಲ್ಲೇ, ಕೆಂಪು ಗೀರಿನದು.

ಪತ್ರೊಡೆಗೆ ಕೆಸುವಿನ ಎಲೆ ಎಲ್ಲಿ ಅಂತ ಬಹಳ ದಿನ ಹುಡುಕಿದ್ದೆ. ಸಮೋವಾ, ಟೊಂಗಾದವರ ಅಂಗಡಿಯಲ್ಲಿ ಸಿಕ್ಕಿತು. ಅವರು ಅದೇ ಎಲೆಯನ್ನು ತೆಂಗಿನ ಹಾಲಿನಲ್ಲಿ ಬೇಯಿಸಿ ತಿನ್ನುತ್ತಾರೆ. ನಾನು ಎಲೆಯ ಮೇಲೆ ಹಿಟ್ಟು ಬಳಿದು ಸುರುಳಿ ಸುತ್ತುವುದನ್ನು ಕೈಸನ್ನೆಯಲ್ಲಿ ತೋರಿಸಿದ್ದಕ್ಕೆ ಅಂಗಡಿಯ ಅಜ್ಜಿ ಬಿದ್ದು ಬಿದ್ದು ನಕ್ಕಳು. ತುರಿಸುವ ಎಲೆಯೋ ಅಲ್ಲವೋ ಎಂದು ಕೇಳಿದ್ದಕ್ಕೆ ಅವಳ ಉತ್ತರ, "ಚೆನ್ನಾಗಿ ಬೇಯಿಸು." ನಮ್ಮ ಅಜ್ಜಿಯೂ ಅದನ್ನೇ ಹೇಳುತ್ತಿದ್ದದ್ದು, ಜೊತೆಗೆ ಹುಣಸೆಹುಳಿ ಮುಂದು ಮಾಡು ಅಂತ.

ಕೈಚೆಲ್ಲಿದ್ದು ಯಾವುದಕ್ಕೆ ಅಂದರೆ, ಹೆಸರಲ್ಲೇ ಇದೆ. ಇಲ್ಲಿ ಮನೆ ಮನೆಯ ಹಿತ್ತಿಲಲ್ಲಿ ಮಾವಿನ ಮರ. ಮಿಡಿ ಉದುರಿ ಬೀದಿಯಲ್ಲಿ ಬಿದ್ದಿರುತ್ತದೆ, ಕೇಳಿದರೆ ಚೀಲ ತುಂಬ ಕೊಡುತ್ತಾರೆ. ಉಪ್ಪಿನಕಾಯಿ ಹಾಕಿದೆ, ಹುಳಿ ಇದೆ, ಗರಿಗರಿ ಇದೆ, ಪರಿಮಳ ಇಲ್ಲ. ಅಪ್ಪೆಮಿಡಿಯ ತೊಟ್ಟು ಮುರಿದಾಗ ಚಿಮ್ಮುವ ಸೊನೆಯಲ್ಲಿ ಜೀರಿಗೆಯ ವಾಸನೆಯೋ ಕರ್ಪೂರದ ವಾಸನೆಯೋ ಇರುತ್ತದಲ್ಲ, ಅದು ಹೊಳೆದಂಡೆಯ ಆ ಕಾಡುಮರಗಳದ್ದು. ಅಘನಾಶಿನಿಯ ದಡದಲ್ಲೇ ಒಂದು ಮರದ ಮಿಡಿ ಇನ್ನೊಂದು ಮರದ ಹಾಗಿರುವುದಿಲ್ಲ. ಬ್ರಿಸ್ಬೇನಿನ ಹಿತ್ತಿಲ ಮರಕ್ಕೆ ಅದು ಎಲ್ಲಿಂದ ಬರಬೇಕು?


ರಾಯಚೂರು ಮಂದಿ · ಬೆಂಗಳೂರು

ಪರದೇಶದಾಗ ಇರೋರು ಅಷ್ಟs ಅಳಬೇಕೇನ್ರಿ? ನಾನು ಬೆಂಗಳೂರಾಗ ಅದೀನಿ. ಇಲ್ಲಿ ಸಾಂಬಾರಿಗೂ ಬೆಲ್ಲ. ಪುಂಡಿ ಪಲ್ಯ ಕೇಳಿದ್ರ ಗೋಂಗುರ ಚಟ್ನಿ ಬಾಟಲಿ ತೋರಸ್ತಾರ. ಗಿರ್ಮಿಟ್ ತಿನ್ನಬೇಕಂದ್ರ ಟ್ರಾಫಿಕ್‌ನಾಗ ಒಂದೂವರಿ ತಾಸು. ನನ್ನನ್ನೂ ನಿಮ್ಮ ಲೆಕ್ಕದಾಗ ಸೇರಿಸಕೊಳ್ರಿ.


ಜವಾರಿ ಜ್ವಾಳ · ಡಲ್ಲಾಸ್

@ರಾಯಚೂರು ಮಂದಿ, ಬರ್ರಿ ಬರ್ರಿ, ಕುಂದರ್ರಿ. ನಿಮಗ ಒಂದು ಹೇಳತೀನಿ, ನಿಮ್ಮ ಹೊಟ್ಟಿ ಇನ್ನಷ್ಟು ಉರೀಲಿ.

ಗುರೆಳ್ಳು ಚಟ್ನಿ ಪುಡಿ ಮಾಡೂಣು ಅಂತ ಇಲ್ಲಿ ಗುರೆಳ್ಳು ಹುಡಿಕಿದ್ನಿ. ಇಂಡಿಯನ್ ಅಂಗಡಿಯಾಗ ಕೇಳಿದ್ರ ಕಲೋಂಜಿ ಅನ್ನೂ ಬ್ಯಾರೆ ಕಪ್ಪು ಕಾಳು ಕೊಟ್ಟ. ಕಡೀಕ ಎಲ್ಲಿ ಕಂಡ್ವು ಗೊತ್ತೇನು? ತೋಟದ ಸಾಮಾನಿನ ಅಂಗಡಿಯಾಗ, ಇಪ್ಪತ್ತು ಪೌಂಡಿನ ಚೀಲ, ಮ್ಯಾಲೆ ಹಳದಿ ಗುಬ್ಬಿಯ ಚಿತ್ರ. "ನೈಜರ್" ಅಂತ ಹಕ್ಕಿಗೆ ಹಾಕೂ ಕಾಳು! ಇಥಿಯೋಪಿಯಾದಿಂದ, ನಮ್ಮ ದೇಶದಿಂದ ಬರತಾವು. ಮೊಳಕಿ ಒಡದು ಕಳೆ ಹರಡಬಾರದು ಅಂತ ಬಿಸಿ ಮಾಡಿನs ಒಳಗ ಬಿಡತಾರ. ಗೋಲ್ಡ್‌ಫಿಂಚ್ ಅನ್ನೂ ಹಕ್ಕಿಗೆ ಅದಂದ್ರ ಭಾಳ ಪ್ರೀತಿ ಅಂತ. ನಮ್ಮವ್ವ ಜತನ ಮಾಡಿ ಸೇರುಗಟ್ಟಲೆ ಅಳದು ಇಡತಿದ್ದದ್ದನ್ನ ಇಲ್ಲಿ ಗುಬ್ಬಿ ಚೆಲ್ಲಿ ಚೆಲ್ಲಿ ತಿಂತಾವು.

ಚೀಲದ ಮ್ಯಾಲೆ ಮನಷ್ಯಾರು ತಿನ್ನಾಕ ಅಲ್ಲ ಅಂತ ಬರದಿರತೈತಿ, ಯಾರೂ ತಂದು ಹುರೀಬ್ಯಾಡ್ರಿ. ನಾವು ಊರಿಂದ ಬರೂ ಮಂದಿ ಕೈಯಾಗ ಪುಡಿನs ತರಸತೀವಿ.

ಅಗಸಿ ಚಟ್ನಿಗೆ ಮಾತ್ರ ಕೆನಡಾದವರ ಕೈ ಮುಗೀಬೇಕು. ಅಗಸಿ ಅಲ್ಲಿ ಎಕರೆಗಟ್ಟಲೆ ಬೆಳೀತಾರ, ಎಲ್ಲಾ ಕಡೆ ಸಿಗತೈತಿ. @ಬ್ರೆಡ್ಡು ಜಾಮು, ನಿಮ್ಮ ಮನಿ ಬಾಜೂಕs ಐತಿ, ಬ್ರೆಡ್ಡಿಗೆ ಹಚ್ಚಿ ನೋಡ್ರಿ.


ರುಬ್ಬುಗಲ್ಲು · ಎಡಿಸನ್, ನ್ಯೂಜೆರ್ಸಿ

ಈ ಚರ್ಚೆ ಖುಷಿಯಾಗೇ ಓದ್ತಿದ್ದೀನಿ. ಒಂದು ಮಾತು ಮಾತ್ರ ಮಧ್ಯದಲ್ಲಿ ಹಾಕಬೇಕು. ಊರ ಊಟ ನೆನಪಾಗೋದು ಮನೆಮಂದಿಗೆಲ್ಲ, ನೆನೆಹಾಕೋದು ಮಾತ್ರ ಒಬ್ಬಳೇ.

ನಮ್ಮ ಕನ್ನಡ ಕೂಟದ ಯುಗಾದಿ ಊಟ ನೋಡಿ. "ಒಬ್ಬಟ್ಟು ಮನೆಯಲ್ಲಿ ಮಾಡಿದ್ದೇ ಆಗಬೇಕು, ಕೇಟರಿಂಗ್ ಬೇಡ" ಅಂತ ವೇದಿಕೆ ಮೇಲೆ ಹೇಳಿದವರು ಯಾರೂ ಹೂರಣ ರುಬ್ಬಲಿಲ್ಲ. ಊರಲ್ಲಿ ಇದನ್ನೆಲ್ಲ ಅಜ್ಜಿ, ಅತ್ತೆ, ಚಿಕ್ಕಮ್ಮ, ಪಕ್ಕದ ಮನೆಯವರು ಕೂತು ಮಾತಾಡ್ತಾ ಮಾಡ್ತಿದ್ರು, ನಾಲ್ಕು ಕೈ ಇತ್ತು. ಇಲ್ಲಿ ಎಂಟು ಗಂಟೆ ಆಫೀಸ್ ಮುಗಿಸಿ ಬಂದು ಅವರೆ ಹಿತಕಬೇಕು. ನನ್ನ ಗಂಡ ಒಂದು ಸಲ "ನಿಮ್ಮಮ್ಮ ಮಾಡೋ ಹಾಗೆ ಬರಲಿಲ್ಲ" ಅಂದ್ರು. ಮುಂದಿನ ವಾರ ಕಾಳಿನ ಪ್ಯಾಕೆಟ್ಟು, ಪಾತ್ರೆ ಎರಡನ್ನೂ ಅವರ ಮುಂದೆ ಇಟ್ಟೆ. ಈಗ ಹಿತಕೋದು ಅವರೇ. ರುಚಿ ಬಗ್ಗೆ ಮಾತು ನಿಂತಿದೆ.

ಸರಿ, ಬದಲಿಯ ವಿಷಯಕ್ಕೆ ಬರೋಣ. ಬ್ಯಾಡಗಿ ಮೆಣಸಿನಕಾಯಿ ಮುಗಿದಾಗ ಮೆಕ್ಸಿಕನ್ ಅಂಗಡಿಯ ಗ್ವಾಹಿಯೊ ಒಣಮೆಣಸು ತಗೊಳ್ಳಿ. ಬಣ್ಣ ಗಾಢ ಕೆಂಪು, ಖಾರ ಕಡಿಮೆ. ಸಿಪ್ಪೆ ಸ್ವಲ್ಪ ದಪ್ಪ, ಬಿಸಿನೀರಲ್ಲಿ ನೆನೆಸಿ ರುಬ್ಬಿ. ಅದೇ ಅಂಗಡಿಯಲ್ಲಿ "ಪಿಲೊನ್ಸಿಯೊ" ಅಂತ ಅಚ್ಚುಬೆಲ್ಲ ಇರುತ್ತೆ, ಕಂದು ಬಣ್ಣದ್ದು. ಕಾಯಿಹಾಲಿಗೆ, ಹೂರಣಕ್ಕೆ ನಡೆಯುತ್ತೆ.

ಕರಿಬೇವು ಮಾತ್ರ ಊರಿಂದ ತರಬೇಡಿ. ಅಮೆರಿಕಾದೊಳಗೆ ಹಸಿ ಕರಿಬೇವು ಬಿಡಲ್ಲ. ಅದು ಕಿತ್ತಳೆ-ನಿಂಬೆ ಕುಟುಂಬದ ಗಿಡ, ಅದರ ಮೇಲೆ ಕೂರೋ ಒಂದು ಪುಟ್ಟ ಕೀಟ ಕಿತ್ತಳೆ ತೋಟಗಳನ್ನೇ ಸಾಯಿಸೋ ರೋಗ ಹರಡುತ್ತೆ. ಫ್ಲಾರಿಡಾದ ಕಿತ್ತಳೆ ಬೆಳೆಗಾರರು ಅದರಿಂದ ನೆಲಕಚ್ಚಿದ್ದಾರೆ. ಒಂದು ಸಸಿ ಇಲ್ಲೇ ಕೊಂಡು ಕುಂಡದಲ್ಲಿ ಹಾಕಿ, ಚಳಿಗಾಲದಲ್ಲಿ ಒಳಗಿಡಿ. ಎಲೆ ಉದುರಿದ್ರೆ ಸತ್ತೋಯ್ತು ಅಂತ ಎಸೀಬೇಡಿ, ಏಪ್ರಿಲ್‌ವರೆಗೆ ಕಾಯಿರಿ.


ಅಪ್ಪೆಮಿಡಿ · ಬ್ರಿಸ್ಬೇನ್

ತರುವ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ಆಸ್ಟ್ರೇಲಿಯಾಕ್ಕೆ ಬರುವವರು ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ಆಹಾರ ಇದೆ ಎಂದು ಬರೆಯಿರಿ, ಒಂದು ಪೊಟ್ಟಣ ಚಟ್ನಿ ಪುಡಿ ಇದ್ದರೂ ಬರೆಯಿರಿ. ಬರೆದು ತೋರಿಸಿದರೆ ಹೆಚ್ಚೆಂದರೆ ಆ ವಸ್ತು ಕಸದ ಬುಟ್ಟಿಗೆ ಹೋಗುತ್ತದೆ. ಬಚ್ಚಿಟ್ಟು ಸಿಕ್ಕಿಬಿದ್ದರೆ ದಂಡ. ನಾಯಿಗಳು ಇರುತ್ತವೆ, ಅವಕ್ಕೆ ಹಲಸಿನ ಹಪ್ಪಳವೂ ಗೊತ್ತು.


ಬೈಟೂ · ಲಂಡನ್

ಇಷ್ಟು ಹೊತ್ತಾದ್ರೂ ಕಾಫಿ ಬಗ್ಗೆ ಯಾರೂ ಬರೀಲಿಲ್ಲ ಅಂದ್ರೆ ಏನರ್ಥ? ನೀವೆಲ್ಲ ಟೀ ಪಾರ್ಟಿನಾ?

ಭಾರತದ ಕಾಫಿಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಕರ್ನಾಟಕದ್ದೇ. ಬೆಳೆದದ್ದರಲ್ಲಿ ಹೆಚ್ಚಿನದು ಹೊರದೇಶಕ್ಕೆ ಹೋಗುತ್ತೆ, ಎಲ್ಲರಿಗಿಂತ ಹೆಚ್ಚು ಕೊಳ್ಳೋದು ಇಟಲಿ. ಅಂದ್ರೆ ಇಲ್ಲಿನ ಕಾಫಿ ಬಾರ್‌ನಲ್ಲಿ ಎಸ್ಪ್ರೆಸೊ ಕುಡಿಯುವಾಗ ನಮ್ಮ ಮಡಿಕೇರಿ, ಸಕಲೇಶಪುರದ ರೊಬಸ್ಟಾ ಅದರೊಳಗೆ ಇದ್ರೂ ಇರಬಹುದು. ಕಾಫಿ ಸಿಗಲ್ಲ ಅನ್ನೋ ಹಾಗಿಲ್ಲ. ಸಿಗದೇ ಇರೋದು ಆ ಡಿಕಾಕ್ಷನ್, ಆ ಹಾಲು.

ಚಿಕೋರಿಗೆ ಫ್ರಾನ್ಸ್ ಕಡೆ ನೋಡಿ. ಅಲ್ಲಿನ ಸೂಪರ್‌ಮಾರ್ಕೆಟ್‌ನಲ್ಲಿ ಬರೀ ಚಿಕೋರಿ ಡಬ್ಬಿ ಸಿಗುತ್ತೆ, ಉತ್ತರ ಫ್ರಾನ್ಸಿನವರು ಅದನ್ನೇ ಹಾಲಿಗೆ ಹಾಕ್ಕೊಂಡು ಕುಡೀತಾರೆ. ಒಳ್ಳೆ ಕಡು ಹುರಿದ ಪುಡಿಗೆ ಕಾಲು ಭಾಗ ಬೆರೆಸಿ, ನಮ್ಮ ಹಿತ್ತಾಳೆ ಫಿಲ್ಟರ್‌ನಲ್ಲಿ ಇಳಿಸಿ. ಅಮೆರಿಕಾದವರಿಗೆ ನ್ಯೂ ಆರ್ಲಿಯನ್ಸಿನ ಕೆಫೆ ಡು ಮಾಂಡ್ ಹಳದಿ ಡಬ್ಬಿ ಇದ್ದೇ ಇದೆ.

ಹಾಲು ಇಲ್ಲಿ ದೊಡ್ಡ ಸಮಸ್ಯೆ. ಹೋಮೊಜಿನೈಸ್ ಮಾಡಿರ್ತಾರೆ, ಅಂದ್ರೆ ಕೊಬ್ಬನ್ನ ಒಡೆದು ಹಾಲಲ್ಲೇ ಬೆರೆಸಿಬಿಟ್ಟಿರ್ತಾರೆ, ಎಷ್ಟು ಕಾಯಿಸಿದ್ರೂ ಕೆನೆ ದಪ್ಪಗೆ ಕಟ್ಟಲ್ಲ. ಬ್ರಿಟನ್ನಿನಲ್ಲಿರೋರು "ಗೋಲ್ಡ್ ಟಾಪ್" ಅಂತ ಕೇಳಿ. ಜೆರ್ಸಿ, ಗರ್ನ್ಸಿ ಹಸುಗಳ ಹಾಲು, ಬಾಟಲಿಯ ಕುತ್ತಿಗೆಯಲ್ಲಿ ಕೆನೆ ತೇಲಿರುತ್ತೆ. ಅದನ್ನ ಉಕ್ಕಿಸಿ, ಎರಡು ಲೋಟದಲ್ಲಿ ಎತ್ತಿ ಹೊಯ್ದು ಕುಡಿದೆ. ಬಸವನಗುಡಿಗೆ ಇನ್ನು ನಾಲ್ಕು ಸ್ಟಾಪ್ ದೂರ, ಅಷ್ಟೇ.

ಕೈಚೆಲ್ಲಿದ್ದು ಬೈಟೂಗೆ. ಇಲ್ಲಿ ಯಾವ ಕೆಫೆಯಲ್ಲೂ ಒಂದು ಕಾಫಿಯನ್ನ ಎರಡು ಲೋಟಕ್ಕೆ ಹಂಚಿ ಕೊಡಲ್ಲ. ಕೇಳಿದ್ರೆ ಖಾಲಿ ಕಪ್ ಕೊಟ್ಟು ನೀವೇ ಹಂಚ್ಕೊಳ್ಳಿ ಅಂತಾರೆ. ಬಡತನ ಅನ್ಕೊಂಡಿರ್ತಾರೆ ಪಾಪ.


ವಾಪಸ್ಸಾದವಳು · ಶಿವಮೊಗ್ಗ

ಹೊರಗಿದ್ದು ವಾಪಸ್ ಬಂದವಳ ಮಾತೂ ಇರಲಿ. ಅಲ್ಲಿದ್ದಾಗ ಜೋನಿ ಬೆಲ್ಲ, ತೆಳ್ಳೇವು ಅಂತ ಕನಸು ಕಾಣ್ತಿದ್ದೆ. ಸಾರಿನ ಪುಡಿಯನ್ನ ಕೈಯಾರೆ ಹುರಿದು ಮಾಡ್ತಿದ್ದೆ, ಅಮ್ಮನಿಗೆ ಫೋನ್ ಹಚ್ಚಿ ಕೊತ್ತಂಬರಿ ಎಷ್ಟು, ಮೆಂತ್ಯ ಎಷ್ಟು ಅಂತ ಕೇಳ್ತಾ. ವಾಪಸ್ ಬಂದು ನೋಡಿದ್ರೆ ಅಮ್ಮನ ಅಡುಗೆಮನೇಲಿ ಪ್ಯಾಕೆಟ್ ಪುಡಿ! "ಈಗೆಲ್ಲ ಯಾರು ಹುರೀತಾರೆ, ಕೈ ನೋವು" ಅಂದ್ರು. ನನ್ನ ಪುಡಿ ತೋರಿಸಿದ್ರೆ ಮೂಸಿ ನೋಡಿ "ಚೆನ್ನಾಗಿದೆ ಕಣೆ, ಒಂದು ಡಬ್ಬಿ ನನಗೂ ಮಾಡು" ಅಂದ್ರು.

ನಾನು ತಂಬುಳಿ ಕಲಿತದ್ದೂ ಅಲ್ಲೇ. ಊರಲ್ಲಿದ್ದಾಗ ಒಂದೆಲಗ ಕಂಡ್ರೆ ಮೂಗು ಮುರೀತಿದ್ದೆ.


ಕಾಚಂಪುಳಿ · ಕ್ಯೋಟೊ

ಕೊಡಗಿನವನು. ತಡವಾಗಿ ಬಂದಿದ್ದೇನೆ, ಏಪ್ರಿಲ್ ಆದ್ದರಿಂದ ಮನೆ ತುಂಬ ಕಳಲೆ.

ನಮ್ಮಲ್ಲಿ ಬೈಂಬಳೆ (ಕಳಲೆಗೆ, ಅಂದರೆ ಎಳೆ ಬಿದಿರಿನ ಮೊಳಕೆಗೆ, ಕೊಡವರ ಹೆಸರು) ಅಂದರೆ ಮಳೆಗಾಲ. ಹೆಚ್ಚಿ, ನೀರಲ್ಲಿ ಹಾಕಿ, ದಿನಾ ನೀರು ಬದಲಿಸಿ, ಎರಡು ಮೂರು ದಿನ ಕಾಯಬೇಕು, ಹಸಿ ಕಳಲೆಯಲ್ಲಿ ವಿಷದ ಅಂಶ ಇರುತ್ತದೆ. ಇಲ್ಲಿ ಅದು ವಸಂತದ ತರಕಾರಿ, ಮಣ್ಣಿನಿಂದ ತುದಿ ಕಾಣುವ ಮೊದಲೇ ಅಗೆದು ತೆಗೆಯುತ್ತಾರೆ. ಕಹಿ ಹೋಗಲು ಅಕ್ಕಿ ತೌಡು, ಒಂದು ಒಣಮೆಣಸು ಹಾಕಿ ಸಿಪ್ಪೆ ಸಮೇತ ಬೇಯಿಸಿ, ಅದೇ ನೀರಲ್ಲಿ ಆರಲು ಬಿಡುತ್ತಾರೆ. ತರಕಾರಿ ಅಂಗಡಿಯವರು ಕಳಲೆ ಕೊಂಡರೆ ತೌಡಿನ ಪೊಟ್ಟಣವನ್ನೂ ಜೊತೆಗೇ ಕೊಡುತ್ತಾರೆ. ಹಾಗೆ ಬೇಯಿಸಿದ್ದಕ್ಕೆ ನಮ್ಮ ಮಸಾಲೆ ಹಾಕಿ ಕರಿ ಮಾಡಿದರೆ ಬೈಂಬಳೆ ಕರಿಯೇ. ಊರಿನದಕ್ಕಿಂತ ಮೆದು, ಆ ಹುಳಿ ವಾಸನೆ ಇಲ್ಲ. ನನಗೆ ಆ ವಾಸನೆಯೇ ಬೇಕಿತ್ತು, ಹೆಂಡತಿಗೆ ಬೇಡ. ಅವಳ ಪಾಲಿಗೆ ಜಪಾನ್ ಗೆದ್ದಿದೆ.

ಕೆಸುವಿನ ಗಡ್ಡೆ ಇಲ್ಲಿ ಚಳಿಗಾಲದಲ್ಲಿ ಬೇಕಾದಷ್ಟು. ಓಕಿನಾವದ ಕಪ್ಪು ಬೆಲ್ಲವೂ ಇದೆ, ಜೋನಿ ಬೆಲ್ಲ ಕೇಳಿದವರು ಸ್ವಲ್ಪ ನೀರಲ್ಲಿ ಕರಗಿಸಿ ನೋಡಬಹುದು.


ಬಜ್ಪೆ ಬಸ್ಸು · ದುಬೈ

@ಕಾಚಂಪುಳಿ, ಹೆಸರು ನೋಡಿಯೇ ಕೇಳುತ್ತಿದ್ದೇನೆ. ಇಲ್ಲಿ ಒಬ್ಬ ಕೊಡವ ಸ್ನೇಹಿತ ಇದ್ದಾನೆ, ಅವನಲ್ಲಿ ಕಾಚಂಪುಳಿ, ಪಂದಿ ಕರಿಗೆ ಹಾಕುವ ಆ ಕಪ್ಪು ಹುಳಿ, ಮುಗಿದಿದೆಯಂತೆ. ಬಾಲ್ಸಾಮಿಕ್ ವಿನೆಗರ್ ಹಾಕಿದ್ರೆ ಆಗ್ತದಾ ಅಂತ. ಎರಡೂ ಕಪ್ಪು, ಎರಡೂ ಮಂದ.


ಕಾಚಂಪುಳಿ · ಕ್ಯೋಟೊ

ಬೇಡ ಅನ್ನಿ. ಬಾಲ್ಸಾಮಿಕ್ ದ್ರಾಕ್ಷಿಯದು, ಸಿಹಿ ಇದೆ, ಪಂದಿ ಕರಿ ಹಾಳಾಗುತ್ತದೆ. ಕೇರಳದವರ ಅಂಗಡಿ ನಿಮ್ಮ ಪಕ್ಕದಲ್ಲೇ ಇದೆಯಲ್ಲ, ಮೀನು ಸಾರಿಗೆ ಹಾಕುವ ಕೊಡಂಪುಳಿ ತಗೊಳ್ಳಲು ಹೇಳಿ. ನಾವು ಕಾಚಂಪುಳಿ ಇಳಿಸುವುದೂ ಅದೇ ಹಣ್ಣಿನಿಂದ. ನಾವು ರಸ ಸೋರಿಸಿ, ಕಪ್ಪಾಗುವವರೆಗೆ ಕುದಿಸಿ ಬತ್ತಿಸುತ್ತೇವೆ. ಅವರು ಸಿಪ್ಪೆಯನ್ನು ಹೊಗೆಯಲ್ಲಿ ಒಣಗಿಸುತ್ತಾರೆ.

ಸಿಪ್ಪೆ ತೊಳೆದು, ಬಿಸಿನೀರಲ್ಲಿ ನೆನೆಸಿ, ಆ ನೀರನ್ನೇ ಸಣ್ಣ ಉರಿಯಲ್ಲಿ ಕಾಲು ಭಾಗಕ್ಕೆ ಇಳಿಸಲಿ. ಕಬ್ಬಿಣದ ಪಾತ್ರೆ ಬೇಡ. ಹೊಗೆ ವಾಸನೆ ಸ್ವಲ್ಪ ಇರುತ್ತದೆ, ಪಂದಿ ಕರಿಗೆ ಅದೇನೂ ಕೆಡುಕಲ್ಲ. ಮಾಂಸ ಪೂರ್ತಿ ಬೆಂದ ಮೇಲೆ, ಇಳಿಸುವ ಮೊದಲು ಹಾಕಬೇಕು. ಮೊದಲೇ ಹಾಕಿದರೆ ಹುಳಿಗೆ ಮಾಂಸ ಬಿಗಿಯುತ್ತದೆ. ಒಂದು ಚಮಚದಿಂದ ಶುರು ಮಾಡಿ, ರುಚಿ ನೋಡಿ ಹೆಚ್ಚಿಸಲಿ.